ಮೂರು ಅಂಕಣಗಳ ತಾರೀಖು

ಬೆಹಾಲಾದಲ್ಲಿ ನೆಲೆಸಿರುವ ನಮಗೆ ವರ್ಷಾರಂಭಗಳು ಮೂರು: ಮನೆಯಲ್ಲಿ ಯುಗಾದಿ, ಬಂಗಾಳಿ ಅಂಗಡಿಯವರು ಹೊಸ ಲೆಕ್ಕದ ಪುಸ್ತಕ ತೆರೆಯುವ ಪೊಯ್ಲಾ ಬೈಶಾಖ್, ಕಚೇರಿಯಲ್ಲಿ ಏಪ್ರಿಲ್ 1. ಈ ಕಚೇರಿಯ ವರ್ಷ ಒಂದು ಇಸವಿಯಲ್ಲಿ ಹುಟ್ಟಿ ಮತ್ತೊಂದರಲ್ಲಿ ಮುಗಿಯುವುದರಿಂದ ಗಣಕಯಂತ್ರದಲ್ಲಿ ತೊಡಕು ತರುತ್ತದೆ.

ಕೆಲವು ಕಡತಗಳಲ್ಲಿ ದಿನ, ತಿಂಗಳು, ವರ್ಷಗಳನ್ನು ಮೂರು ಅಂಕಣಗಳಲ್ಲಿ ಇಟ್ಟಿರುತ್ತಾರೆ. 2023-24ರ ಅರ್ಜಿಗಳಿಗಾಗಿ ಎಸ್‌ಕ್ಯೂಎಲ್ ಭಾಷೆಯಲ್ಲಿ ‘ವರ್ಷ 2023 ಅಥವಾ 2024, ತಿಂಗಳು 4 ಅಥವಾ ಮೇಲ್ಪಟ್ಟು’ ಎಂದು ಕೇಳಿದರೆ ನಡೆಯುವುದೇನು? 2024ರ ಜನವರಿಯಿಂದ ಮಾರ್ಚ್‌ವರೆಗಿನವು ಬಿಟ್ಟುಹೋಗುತ್ತವೆ. ಅದೇ ಇಸವಿಯ ಏಪ್ರಿಲ್ ನಂತರದವು ಒಳನುಗ್ಗುತ್ತವೆ. ಯಂತ್ರವೇನೋ ತಪ್ಪೆಂದು ಹೇಳುವುದಿಲ್ಲ. ಪತಿಯನ್ನು ಕಳೆದುಕೊಂಡು ಫೆಬ್ರವರಿಯಲ್ಲಿ ಕುಟುಂಬ ಪಿಂಚಣಿಗೆ ಅರ್ಜಿಯಿತ್ತ ತಾಯಿಯ ಹೆಸರೂ ಹೀಗೆ ಬಿಟ್ಟುಹೋದರೆ ಆ ಮನೆಯ ಒಲೆಗೇ ತೊಂದರೆ.

ಉಪಾಯ ಸುಲಭ. ವರ್ಷವನ್ನು 10000ದಿಂದ, ತಿಂಗಳನ್ನು 100ರಿಂದ ಗುಣಿಸಿ, ದಿನವನ್ನು ಕೂಡಿಸಿರಿ. 2024ರ ಫೆಬ್ರವರಿ 15 ಆಗ 20240215 ಆಗುತ್ತದೆ. ಅದು 20230401ರಿಂದ 20240331ರೊಳಗೆ ಇದೆಯೇ ಎಂದು ಕೇಳಿದರೆ ಸಾಕು. ಆದರೆ ಈ ಸಂಖ್ಯೆಗಳನ್ನು ಕಳೆದರೆ ದಿನಗಳ ಅಂತರ ಸಿಕ್ಕದು. ಅದಕ್ಕೆ ನಿಜವಾದ ತಾರೀಖೇ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ‘ಮೇಕ್ ಡೇಟ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಡೇಟ್ ಫ್ರಮ್ ಪಾರ್ಟ್ಸ್’ ಎಂಬ ಸೌಲಭ್ಯಗಳು ಮೂರನ್ನೂ ಬೆಸೆಯುತ್ತವೆ. ಫೆಬ್ರವರಿ 30 ಎಂದಿದ್ದರೆ ಒಪ್ಪದೆ ನಿಲ್ಲುತ್ತವೆ.

ಸಂಘದ ಸದಸ್ಯರ ಪಟ್ಟಿಯನ್ನು ಯಂತ್ರಕ್ಕೇರಿಸುವ ತರುಣರು ಮೊದಲಿನಿಂದಲೇ ತಾರೀಖಿಗೆ ಒಂದೇ ಅಂಕಣ ಕೊಡಲಿ. ಈಗಾಗಲೇ ಮೂರಾಗಿರುವ ಕಡೆ, ಪಟ್ಟಿಗೆ ಸಹಿ ಬೀಳುವ ಮುನ್ನ ಜನವರಿ, ಫೆಬ್ರವರಿ, ಮಾರ್ಚ್‌ಗಳ ಹೆಸರುಗಳನ್ನೊಮ್ಮೆ ಎಣಿಸಿ ನೋಡುವುದು ಲೇಸು.