ಪ್ರದರ್ಶನ ಕಲೆಯ ವಸ್ತು ಮತ್ತು ವಸ್ತುಸಂಗ್ರಹಾಲಯದ ಹೊಣೆ: ರಾಮನಗರ ಮತ್ತು ಬಾಲಿಯ ನೆಲೆಗಳು

ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ ಇರುವ ಜಾನಪದ ಲೋಕವು ಕರ್ನಾಟಕದ ಜನಪದ ಕಲೆಗಳ ಬಹುಮುಖ್ಯ ಸಂಗ್ರಹಗಳಲ್ಲಿ ಒಂದು. ಎಚ್. ಎಲ್. ನಾಗೇಗೌಡರು (1915–2005) 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಆಶ್ರಯದಲ್ಲಿ, ಹದಿನೈದು ಎಕರೆ ನೆಲದಲ್ಲಿ ರೂಪುಗೊಂಡ ಈ ಸಂಸ್ಥೆ 1994ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಇಲ್ಲಿನ ಲೋಕಮಾತಾ ಮಂದಿರ, ಲೋಕಮಹಲ್, ಚಿತ್ರಕುಟೀರಗಳಲ್ಲಿ ಒಕ್ಕಲುತನದ ಮತ್ತು ಅಡುಗೆಮನೆಯ ಸಾಮಗ್ರಿಗಳ ಜೊತೆಗೆ ಸೋಮನ ಮುಖಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು ನೋಡುಗರಿಗೆ ಎದುರಾಗುತ್ತವೆ. ಕುಡುಗೋಲು, ಬೀಸುವ ಕಲ್ಲುಗಳು ಬಳಕೆ ತಪ್ಪಿದ ಮೇಲೆ ಸಂಗ್ರಹಕ್ಕೆ ಬಂದವು. ಆದರೆ ಸೋಮನ ಮುಖ, ತೊಗಲುಗೊಂಬೆಗಳ ಸಂಗತಿ ಬೇರೆ. ಇವುಗಳ ಸಂಬಂಧಿಗಳು ಸುತ್ತಲಿನ ಊರುಗಳಲ್ಲಿ ಇಂದಿಗೂ ಕುಣಿಯುತ್ತಿವೆ, ಪೂಜೆಗೊಳ್ಳುತ್ತಿವೆ. ಇಂಥ ವಸ್ತುವನ್ನು ಕಾಯುವ ಸಂಗ್ರಹಾಲಯದ ಸಿಬ್ಬಂದಿಯು ಕಾಯುತ್ತಿರುವುದು ಏನನ್ನು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಬಾಲಿ ಹಾಗೂ ಇಂಡೋನೇಷ್ಯಾದ ಕಲೆಗಳ ಅನುಭವದ ಬೆಳಕಿನಲ್ಲಿ ಪರಿಶೀಲಿಸುತ್ತದೆ.

ಇಂಡೋನೇಷ್ಯಾದ ಕಲೆಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ರಾಮಾಯಣ, ಮಹಾಭಾರತಗಳ ಪ್ರಸಾರಕ್ಕೆ ಸೀಮಿತವಾಗಿದೆ. ಯಾರು ಯಾರಿಂದ ಪಡೆದರು ಎಂಬುದೇ ಅಲ್ಲಿ ಮುಖ್ಯ. ಸಂಗ್ರಹಾಲಯದ ಕೆಲಸಗಾರನ ದೃಷ್ಟಿಗೆ ಈ ಪ್ರಶ್ನೆ ಅಷ್ಟು ತುರ್ತಿನದಲ್ಲ. ಗೊಂಬೆಯ ತೊಗಲು ಯಾವುದು, ಅದನ್ನು ಯಾರು ಮುಟ್ಟಬಹುದು, ಅದು ಹರಿದರೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಅವನ ಪಾಲಿಗೆ ಮೊದಲು ಬರುತ್ತವೆ. ಈ ನೆಲೆಯಿಂದ ನೋಡಿದಾಗ ಎರಡೂ ನಾಡುಗಳ ನಡುವಿನ ಹೋಲಿಕೆ ಮತ್ತು ವ್ಯತ್ಯಾಸಗಳು ಬೇರೊಂದು ರೀತಿಯಲ್ಲಿ ಕಾಣಿಸುತ್ತವೆ.

1. ಗೊಂಬೆಯ ಮೈ, ಗೊಂಬೆಯ ನೆರಳು

ಜಾವಾದ ವಯಾಂಗ್ ಕುಲಿತ್ ಎಂಬ ನೆರಳುಗೊಂಬೆಯನ್ನು ಎಮ್ಮೆಯ ತೊಗಲಿನಿಂದ ಮಾಡುತ್ತಾರೆ. ತೊಗಲನ್ನು ಹದಗೊಳಿಸಿ, ಸಣ್ಣ ಉಳಿಗಳಿಂದ ಕಸೂತಿಯಂತೆ ಕೊರೆದು, ಭುಜ ಮತ್ತು ಮೊಣಕೈಗಳಲ್ಲಿ ಕೀಲು ಜೋಡಿಸಿ, ಎಮ್ಮೆಯ ಕೊಂಬಿನ ಕಡ್ಡಿಗಳಿಗೆ ಬಿಗಿಯಲಾಗುತ್ತದೆ. ತೊಗಲಿನ ಮೂಲಕ ಬೆಳಕು ಹಾಯುವುದಿಲ್ಲ. ಕೊರೆದ ರಂಧ್ರಗಳ ಮೂಲಕ ಮಾತ್ರ ಹಾಯುತ್ತದೆ. ಆದುದರಿಂದ ಪರದೆಯ ಮೇಲೆ ಬೀಳುವುದು ಕಪ್ಪು ನೆರಳು. ಹೀಗಿದ್ದರೂ ಗೊಂಬೆಗೆ ಬಣ್ಣ ಮತ್ತು ಚಿನ್ನದ ಲೇಪ ಕೊಡುವ ವಾಡಿಕೆಯಿದೆ.

ಕರ್ನಾಟಕದ ತೊಗಲುಗೊಂಬೆ ಇದಕ್ಕಿಂತ ಭಿನ್ನವಾದುದು. ಇಲ್ಲಿ ಹೆಚ್ಚಾಗಿ ಮೇಕೆಯ ತೊಗಲು ಬಳಕೆಯಲ್ಲಿದೆ. ಹಿಂದೆ ಜಿಂಕೆಯ ತೊಗಲನ್ನೂ ಬಳಸುತ್ತಿದ್ದುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದಕ್ಕೆ ಅವಕಾಶವಿಲ್ಲ. ಬೆಳಕು ಹಾಯುವಷ್ಟು ತೆಳುವಾಗಿ ಹದಗೊಳಿಸಿ ಬಣ್ಣ ಹಾಕುವುದರಿಂದ ಪರದೆಯ ಮೇಲೆ ಬೀಳುವ ನೆರಳೇ ಬಣ್ಣದ್ದಾಗಿರುತ್ತದೆ. ಒಂದೇ ತೊಗಲಿನಲ್ಲಿ ರಥ, ಕುದುರೆ, ಸಾರಥಿ, ಯೋಧರನ್ನು ಕೂಡಿಸಿ ಇಡೀ ಸನ್ನಿವೇಶವನ್ನು ಕಟ್ಟಿಕೊಡುವುದು ನಮ್ಮ ಕಲಾವಿದರ ವೈಶಿಷ್ಟ್ಯ.

ಈ ತಾಂತ್ರಿಕ ವ್ಯತ್ಯಾಸವು ಪ್ರದರ್ಶನದ ವಿಧಾನವನ್ನೇ ನಿರ್ಧರಿಸುತ್ತದೆ. ಗೋಡೆಗೆ ತೂಗುಹಾಕಿ ಮುಂಭಾಗದಿಂದ ದೀಪ ಬಿಟ್ಟರೆ ಜಾವಾದ ಗೊಂಬೆ ತನ್ನ ಬಣ್ಣವನ್ನಾದರೂ ತೋರುತ್ತದೆ. ಕರ್ನಾಟಕದ ಗೊಂಬೆ ಹಾಗೆ ಇಟ್ಟಾಗ ಮಂಕಾದ ತೊಗಲಿನ ತುಂಡಾಗಿ ಉಳಿಯುತ್ತದೆ. ಅದಕ್ಕೆ ಹಿಂಬದಿಯ ಬೆಳಕು ಬೇಕೇ ಬೇಕು. ಆದರೆ ಬಣ್ಣ ಹಾಕಿದ ತೊಗಲಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಹಾನಿಕರ ಎಂಬುದು ಸಂರಕ್ಷಣಾ ಶಾಸ್ತ್ರದಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿ. ಗೊಂಬೆ ಗೊಂಬೆಯಾಗಿ ಕಾಣಬೇಕಾದರೆ ಬೆಳಕು ಬೇಕು, ಉಳಿಯಬೇಕಾದರೆ ಕತ್ತಲೆ ಬೇಕು. ಈ ಇಕ್ಕಟ್ಟನ್ನು ಸಿಬ್ಬಂದಿಯು ದಿನವೂ ಎದುರಿಸುತ್ತಾರೆ. ಇದರ ಜೊತೆಗೆ ಮಳೆಗಾಲದ ತೇವದಲ್ಲಿ ತೊಗಲಿಗೆ ಬೂಷ್ಟು ಹಿಡಿಯುವುದು, ಬೇಸಗೆಯಲ್ಲಿ ಅದು ಸುರುಟಿಕೊಳ್ಳುವುದು ಸೇರಿಕೊಳ್ಳುತ್ತದೆ.

2. ಉಳಿಸುವುದೇ, ವಿಸರ್ಜಿಸುವುದೇ?

ತೊಗಲುಗೊಂಬೆಯಾಟವನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಕಿಳ್ಳೇಕ್ಯಾತ ಸಮುದಾಯದಲ್ಲಿ ಗೊಂಬೆಯು ಕೇವಲ ಆಟದ ಸಾಮಗ್ರಿಯಲ್ಲ. ಸವೆದು ಆಟಕ್ಕೆ ಒದಗದ ಗೊಂಬೆಯನ್ನು ಕಸಕ್ಕೆ ಎಸೆಯದೆ ಹೊಳೆಯಲ್ಲಿ ವಿಸರ್ಜಿಸುವ ವಾಡಿಕೆ ಈ ಪರಂಪರೆಯಲ್ಲಿ ದಾಖಲಾಗಿದೆ. ಸಂಗ್ರಹಕಾರರು ಹಳ್ಳಿಗಳಿಗೆ ಹೋದದ್ದು ಈ ವಾಡಿಕೆಯ ಎದುರಿಗೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾಯರು (1932–2003) ತೊಗಲುಗೊಂಬೆಗಳ ದೊಡ್ಡ ಸಂಗ್ರಹವನ್ನು ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ನಾಡಿನುದ್ದಕ್ಕೂ ಅಲೆದರು. ಇವರ ಶ್ರಮವಿಲ್ಲದಿದ್ದರೆ ಇಂದಿನ ಅಧ್ಯಯನಕಾರರಿಗೆ ಹಳೆಯ ಮಾದರಿಗಳು ಸಿಗುತ್ತಿರಲಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಅದೇ ವೇಳೆಗೆ, ನೀರಿಗೆ ಸೇರಬೇಕಾದ ಗೊಂಬೆಯೊಂದು ನೀರಿಗೆ ಸೇರದೆ ಉಳಿಯಿತು ಎಂಬುದೂ ಅಷ್ಟೇ ನಿಜ. ಸಂಗ್ರಹಾಲಯವು ಉಳಿಸಿಕೊಂಡ ಗೊಂಬೆಯ ಚೀಟಿಯಲ್ಲಿ ಈ ಎರಡನೆಯ ಸತ್ಯಕ್ಕೂ ಸ್ಥಳವಿರಬೇಕಾಗುತ್ತದೆ.

ಬಾಲಿಯಲ್ಲಿಯೂ ಗೊಂಬೆಗಳ ಪೆಟ್ಟಿಗೆಗೆ ಪೂಜೆಯುಂಟು. 210 ದಿನಗಳ ಪಂಚಾಂಗ ಚಕ್ರದಲ್ಲಿ ಒಮ್ಮೆ ಬರುವ ತುಂಪೆಕ್ ವಯಾಂಗ್ ಎಂಬ ದಿನ ದಲಾಂಗ್, ಅಂದರೆ ಗೊಂಬೆಯಾಡಿಸುವ ಸೂತ್ರಧಾರ, ತನ್ನ ಗೊಂಬೆಗಳಿಗೆ ನೈವೇದ್ಯ ಸಲ್ಲಿಸುತ್ತಾನೆ. ಬರೋಂಗ್ ಮತ್ತು ರಂಗ್ದಾ ಎಂಬ ಮುಖವಾಡಗಳ ಸ್ಥಾನ ಇನ್ನೂ ಮೇಲಿನದು. ಅವು ದೇವಾಲಯದಲ್ಲಿ ವಾಸಿಸುತ್ತವೆ. ಅವುಗಳಿಗೆ ಬೇಕಾದ ಪುಲೆ ಮರದ ತುಂಡನ್ನು ಒಳ್ಳೆಯ ದಿನ ನೋಡಿ, ಪೂಜೆ ಸಲ್ಲಿಸಿ ತೆಗೆಯಬೇಕು. ಕೆತ್ತಿ ಬಣ್ಣ ಹಾಕಿದ ಮೇಲೆ ಪಾಸುಪತಿ ಎಂಬ ವಿಧಿಯಿಂದ ಜೀವಕಳೆ ತುಂಬಬೇಕು. ಈ ವಿಧಿ ನಡೆಯದ ಮುಖವಾಡ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಬರೀ ಮರ.

ದಕ್ಷಿಣ ಕರ್ನಾಟಕದ ಸೋಮನ ಕುಣಿತವನ್ನು ಬಲ್ಲವರಿಗೆ ಇದು ಅಪರಿಚಿತ ಲೋಕವಲ್ಲ. ರಕ್ತಚಂದನದ ಮರದಲ್ಲಿ ಕೆತ್ತಿದ ಸೋಮನ ಮುಖಗಳು ಗ್ರಾಮದೇವತೆಯ ಪರಿವಾರಕ್ಕೆ ಸೇರಿದವು. ಕುಣಿತಕ್ಕೆ ಮುನ್ನ ಅವುಗಳಿಗೆ ಪೂಜೆ ಸಲ್ಲುತ್ತದೆ. ಹೀಗಿರುವಾಗ ಗಾಜಿನ ಹಿಂದಿರುವ ಸೋಮನ ಮುಖವು ಪೂಜೆಗೊಂಡದ್ದೇ, ಪ್ರದರ್ಶನಕ್ಕೆಂದೇ ಮಾಡಿಸಿದ್ದೇ ಎಂಬುದನ್ನು ಚೀಟಿಯು ಹೇಳದೆ ಹೋದರೆ, ಅದು ಹೇಳಿದ ಮರದ ಹೆಸರು, ಊರಿನ ಹೆಸರುಗಳಿಂದ ದೊರೆಯುವ ತಿಳಿವಳಿಕೆ ಅರ್ಧ ಮಾತ್ರ.

3. ಬಾಲಿಯ ವರ್ಗೀಕರಣ ಮತ್ತು ಅದರ ಮಿತಿ

ಪ್ರವಾಸೋದ್ಯಮದ ಒತ್ತಡ ಹೆಚ್ಚಿದಾಗ ಬಾಲಿಯವರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. 1971ರಲ್ಲಿ ಡೆನ್‌ಪಸಾರ್‌ನಲ್ಲಿ ನಡೆದ ವಿಚಾರಸಂಕಿರಣವೊಂದು ಅಲ್ಲಿನ ನೃತ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ದೇವಾಲಯದ ಒಳ ಅಂಗಳಕ್ಕೆ ಸೇರಿದ ಪವಿತ್ರ ನೃತ್ಯಗಳು ವಾಲಿ. ನಡು ಅಂಗಳದಲ್ಲಿ ಆಚರಣೆಗೆ ಜೊತೆಯಾಗುವ ನೃತ್ಯಗಳು ಬೆಬಾಲಿ. ಹೊರ ಅಂಗಳದಲ್ಲಿ ನೋಡುಗರ ರಂಜನೆಗಾಗಿ ನಡೆಯುವವು ಬಾಲಿಹ್-ಬಾಲಿಹಾನ್. 2015ರಲ್ಲಿ ಯುನೆಸ್ಕೋ ಬಾಲಿಯ ನೃತ್ಯಗಳನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಮೂರು ಪ್ರಕಾರಗಳ ಹೆಸರಿನಲ್ಲಿಯೇ.

ಈ ವಿಂಗಡಣೆ ಗೋಡೆಯಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದು ಗಮನಾರ್ಹ. ದೇವರನ್ನು ಸ್ವಾಗತಿಸುವ ಪೆಂಡೆಟ್ ನೃತ್ಯವನ್ನು ಪ್ರವಾಸಿಗರ ಮುಂದೆ ಮಾಡುವುದು ಸರಿಯಲ್ಲವೆಂದು ಅದರ ಬದಲಿಗೆ ಪನ್ಯೆಂಬ್ರಾಮ ಎಂಬ ಹೊಸ ನೃತ್ಯವನ್ನು ರಚಿಸಲಾಯಿತು. ಕೆಲವೇ ವರ್ಷಗಳಲ್ಲಿ ಆ ಹೊಸ ನೃತ್ಯವೂ ದೇವಾಲಯದ ಒಳಗೆ ಕಾಣಿಸಿಕೊಂಡಿತು. ಹೊರ ಅಂಗಳದ್ದು ಒಳ ಅಂಗಳಕ್ಕೆ ನಡೆದುಹೋಯಿತು. ಆದುದರಿಂದ ಪವಿತ್ರ, ಲೌಕಿಕ ಎಂಬ ಗುರುತು ವಸ್ತುವಿನ ಶಾಶ್ವತ ಗುಣವಲ್ಲ. ಒಂದು ಕಾಲದಲ್ಲಿ, ಒಂದು ಸಮುದಾಯದಲ್ಲಿ ಅದಕ್ಕೆ ಇರುವ ಸ್ಥಾನ. ಸಂಗ್ರಹಾಲಯದ ದಾಖಲೆಯು ಈ ಸ್ಥಾನವನ್ನು ಇಸವಿಯೊಡನೆ ಬರೆದಿಡಬೇಕು ಎಂಬ ಪಾಠ ಇದರಿಂದ ದೊರೆಯುತ್ತದೆ.

4. ಪ್ರತಿಯ ಮಾರ್ಗ

ಮೂಲವನ್ನು ತರಲಾಗದ ಅಥವಾ ತರಬಾರದ ಸಂದರ್ಭಗಳೂ ಇವೆ. ಬಾಲಿಯ ಶವಸಂಸ್ಕಾರದಲ್ಲಿ ಶವವನ್ನು ಹೊತ್ತೊಯ್ಯುವ ಬಡೆ ಎಂಬ ಎತ್ತರದ ಗೋಪುರವನ್ನು ಕಟ್ಟುವುದೇ ಕೊನೆಗೆ ಸುಡುವುದಕ್ಕಾಗಿ. ಕನಕಪುರ, ಮಾಗಡಿ ಸೀಮೆಯಲ್ಲಿ ಶಕ್ತಿದೇವತೆಗಳ ಉತ್ಸವಗಳಲ್ಲಿ ಕಾಣುವ ಪೂಜಾ ಕುಣಿತವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕುಣಿಯುವವನು ತಲೆಯ ಮೇಲೆ ಹೊರುವ ‘ಪೂಜೆ’ಯು ಬಿದಿರಿನ ಚೌಕಟ್ಟು, ನೆರಿಗೆ ಹಿಡಿದು ಕಟ್ಟಿದ ಸೀರೆ, ದೇವಿಯ ಲೋಹದ ಮುಖ, ಹೂವುಗಳು ಕೂಡಿ ಆದದ್ದು. ಹೂವು ಬಾಡುತ್ತದೆ, ಸೀರೆಯನ್ನು ಮತ್ತೆ ಕಟ್ಟಬೇಕಾಗುತ್ತದೆ. ಇಂಥ ರಚನೆಯಲ್ಲಿ ಸಂಗ್ರಹಿಸಬೇಕಾದುದು ಬಿದಿರಿಗಿಂತ ಹೆಚ್ಚಾಗಿ ಕಟ್ಟುವ ಕ್ರಮ, ಹೊರುವವನ ಸಮತೋಲ, ಜೊತೆಗೆ ಬರುವ ತಮಟೆಯ ಗತ್ತು.

ಇದಕ್ಕೆ ಪ್ರತಿ ಮಾಡಿಸಿಕೊಳ್ಳುವ ಮಾರ್ಗವೊಂದಿದೆ. ಬಾಲಿಯ ಸಿಂಗರಾಜದಲ್ಲಿ 1928ರಲ್ಲಿ ಆರಂಭವಾದ ಗೆಡೋಂಗ್ ಕೀರ್ತ್ಯ ಎಂಬ ಹಸ್ತಪ್ರತಿ ಭಂಡಾರವು ಮನೆತನಗಳಲ್ಲಿದ್ದ ತಾಳೆಗರಿಗಳನ್ನು ಎರವಲು ಪಡೆದು, ಪ್ರತಿ ಮಾಡಿಸಿಕೊಂಡು, ಮೂಲವನ್ನು ಹಿಂದಿರುಗಿಸುವ ಕ್ರಮವನ್ನು ಅನುಸರಿಸಿತು. ಗರಿ ಮನೆಯಲ್ಲಿಯೇ ಪೂಜೆಗೊಂಡಿತು, ಪಾಠ ಭಂಡಾರಕ್ಕೆ ಸೇರಿತು. ಓಲೆಗರಿಗಳನ್ನು ಮನೆಮನೆಯಿಂದ ಹುಡುಕಿ ತಂದ ಕನ್ನಡ ಗ್ರಂಥಸಂಪಾದನೆಯ ಇತಿಹಾಸವನ್ನು ಬಲ್ಲವರಿಗೆ ಈ ಕ್ರಮದ ಬೆಲೆ ತಿಳಿದೀತು. ಮುಖವಾಡಗಳ ವಿಷಯದಲ್ಲಿಯೂ ಇದು ಸಾಧ್ಯ. ಬಾಲಿಯ ಮಾಸ್ ಗ್ರಾಮದ ಕೆತ್ತನೆಗಾರರು ದೇವಾಲಯಕ್ಕೂ ಮಾರಾಟಕ್ಕೂ ಮುಖವಾಡಗಳನ್ನು ಮಾಡುತ್ತಾರೆ. ಎರಡರ ಅಂತರವನ್ನು ಅವರು ವಿಧಿಯಿಂದ ಗುರುತಿಸುತ್ತಾರೆ. ರಾಮನಗರದ ನೆರೆಯಲ್ಲಿಯೇ ಇರುವ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹತ್ತಿಸಿ ಗೊಂಬೆ ಮಾಡುವ ಕುಶಲಕರ್ಮಿಗಳಿದ್ದಾರೆ. ಬಾಲಿಯ ಪುಲೆ ಮತ್ತು ಚನ್ನಪಟ್ಟಣದ ಹಾಲೆ, ಎರಡೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದೇ ಕುಟುಂಬದ ಹಾಲು ಸುರಿಸುವ ಮರಗಳು. ಚರಕಿಯ ಕೆಲಸ ಬೇರೆ, ಮುಖ ಕೆತ್ತುವ ಕೆಲಸ ಬೇರೆ ಎಂಬುದು ನಿಜ. ಆದರೂ ಕೈಕಸುಬು ಜೀವಂತವಾಗಿರುವ ಸೀಮೆಯಲ್ಲಿ ಸಂಗ್ರಹಾಲಯವು ಗುಡಿಯಿಂದ ಮೂಲವನ್ನು ಕೇಳುವ ಬದಲು ಬಲ್ಲವರಿಂದ ಹೊಸ ಮುಖವನ್ನು ಮಾಡಿಸುವುದು ಕಷ್ಟವೇನಲ್ಲ. ಇದರಿಂದ ಗುಡಿಯ ಸೋಮ ಗುಡಿಯಲ್ಲಿಯೇ ಉಳಿಯುತ್ತಾನೆ, ಕಸುಬುದಾರನಿಗೆ ಕೆಲಸ ಸಿಗುತ್ತದೆ, ಮಾಡುವ ಕ್ರಮವೂ ದಾಖಲಾಗುತ್ತದೆ.

ಮೂಲವನ್ನು ಒಯ್ದಾಗ ಏನಾಗುತ್ತದೆ ಎಂಬುದಕ್ಕೆ ಬಾಲಿಯ ಇತಿಹಾಸವೇ ಸಾಕ್ಷಿ. 1906ರಲ್ಲಿ ಬಡುಂಗ್, 1908ರಲ್ಲಿ ಕ್ಲುಂಗ್‌ಕುಂಗ್ ಅರಮನೆಗಳು ಡಚ್ಚರ ದಾಳಿಗೆ ಬಿದ್ದಾಗ ಅಲ್ಲಿನ ರಾಜಲಾಂಛನಗಳು ಯುರೋಪಿನ ಸಂಗ್ರಹಾಲಯಗಳ ಪಾಲಾದವು. 2023ರ ಜುಲೈಯಲ್ಲಿ ನೆದರ್‌ಲೆಂಡ್ಸ್ ಇಂಡೋನೇಷ್ಯಾಕ್ಕೆ 478 ವಸ್ತುಗಳನ್ನು ಹಿಂದಿರುಗಿಸಲು ಒಪ್ಪಿತು. ಕ್ಲುಂಗ್‌ಕುಂಗ್‌ನ ಕ್ರಿಸ್ ಕಠಾರಿಯೂ ಅವುಗಳಲ್ಲಿತ್ತು. ಅದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಜಾನಪದ ಲೋಕದಂಥ ಸಂಸ್ಥೆ ದೋಚಿ ತಂದ ಸಂಗ್ರಹವಲ್ಲ. ಜನರ ನಡುವೆ ಓಡಾಡಿ ಒಟ್ಟುಮಾಡಿದ್ದು. ಆದರೂ ವಸ್ತು ಯಾವ ಊರಿನಿಂದ, ಯಾರ ಒಪ್ಪಿಗೆಯಿಂದ ಬಂತು ಎಂಬ ದಾಖಲೆಯ ಮಹತ್ವವನ್ನು ಈ ಪ್ರಸಂಗ ಎತ್ತಿ ತೋರಿಸುತ್ತದೆ.

5. ಚೀಟಿಯಲ್ಲಿ ಇರಬೇಕಾದುದು

ವಯಾಂಗ್ ಕಲೆಯನ್ನು ಯುನೆಸ್ಕೋ 2003ರಲ್ಲಿ ಮಾನ್ಯಮಾಡಿದಾಗ ಪರಿಗಣಿಸಿದ್ದು ಗೊಂಬೆಯೊಂದನ್ನೇ ಅಲ್ಲ. ದಲಾಂಗನ ಕಥನ, ಗಮೆಲಾನ್ ವಾದ್ಯಮೇಳ, ರಾತ್ರಿಯಿಡೀ ಕುಳಿತು ನೋಡುವ ಊರು ಎಲ್ಲವನ್ನೂ ಸೇರಿಸಿ. ಯೋಗ್ಯಕರ್ತಾದಲ್ಲಿ 1935ರಲ್ಲಿ ಆರಂಭವಾದ ಸೊನೊಬುಡೊಯೊ ವಸ್ತುಸಂಗ್ರಹಾಲಯವು ಗೊಂಬೆಗಳನ್ನು ಇಟ್ಟಿರುವುದರ ಜೊತೆಗೆ ತನ್ನ ಆವರಣದಲ್ಲಿಯೇ ಆಟವನ್ನೂ ಆಡಿಸುತ್ತ ಬಂದಿದೆ. ಜಾನಪದ ಲೋಕದ ಬಯಲು ರಂಗಮಂದಿರ ಮತ್ತು ಲೋಕೋತ್ಸವಗಳು ಇದೇ ತಿಳಿವಳಿಕೆಯಿಂದ ಮೂಡಿದವು. ನಾಗೇಗೌಡರು ವಸ್ತುಗಳ ಜೊತೆಗೆ ಕಲಾವಿದರ ಹಾಡು, ಮಾತುಗಳ ಧ್ವನಿಮುದ್ರಣಕ್ಕೂ ಮಹತ್ವ ಕೊಟ್ಟದ್ದು ಈ ದೃಷ್ಟಿಯಿಂದ ದೂರಗಾಮಿ ಚಿಂತನೆ.

ಈ ಹಿನ್ನೆಲೆಯಲ್ಲಿ ಪ್ರದರ್ಶನ ಕಲೆಯ ಪ್ರತಿಯೊಂದು ವಸ್ತುವಿನ ದಾಖಲೆಯಲ್ಲಿಯೂ ನಾಲ್ಕು ಸಂಗತಿಗಳು ಅಗತ್ಯವೆನಿಸುತ್ತವೆ. ಅದು ಪೂಜೆಗೊಂಡ ವಸ್ತುವೇ ಅಲ್ಲವೇ ಎಂಬುದು ಒಂದು. ಅದನ್ನು ಮುಟ್ಟುವ, ಹೊರುವ, ಆಡಿಸುವ ಹಕ್ಕು ಯಾರದು ಎಂಬುದು ಎರಡು. ಅದರೊಡನೆ ಬರುವ ಮಾತು, ಹಾಡು, ವಾದ್ಯಗಳ ಮುದ್ರಣ ಎಲ್ಲಿದೆ ಎಂಬುದು ಮೂರು. ಪರಂಪರೆಯ ಪ್ರಕಾರ ಅದರ ಕೊನೆ ಹೇಗಾಗಬೇಕಿತ್ತು ಎಂಬುದು ನಾಲ್ಕು. ವಸ್ತುವಿನ ಅಳತೆ, ಊರು, ಸಾಮಗ್ರಿಗಳನ್ನು ಮುಂದೆಯೂ ವಸ್ತುವನ್ನೇ ನೋಡಿ ತಿಳಿಯಲು ಸಾಧ್ಯವಾದೀತು. ಈ ನಾಲ್ಕು ಸಂಗತಿಗಳನ್ನು ಹೇಳಬಲ್ಲವರು ಕಲಾವಿದರು ಮಾತ್ರ, ಮತ್ತು ಅವರ ವಯಸ್ಸು ಕಾಯುವುದಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಆ ತಲೆಮಾರಿನವರು ಹೇಳುವಾಗ ಕೇಳಿ ಬರೆದುಕೊಳ್ಳುವುದು, ಗಾಜಿನ ಧೂಳು ಒರೆಸುವಷ್ಟೇ ಸಹಜವಾಗಿ, ಸಂಗ್ರಹಾಲಯದ ಸಿಬ್ಬಂದಿಯ ದೈನಂದಿನ ಕೆಲಸವಾಗಬೇಕಾಗಿದೆ.