ಬೆಲೆ ಕೊಡದ ವೇರಿಯಬಲ್‌ನಲ್ಲಿ ಏನಿರುತ್ತದೆ?

ಪ್ರಶ್ನೆ: ಅಂಕಗಳನ್ನು ಕೂಡುವ ಸಿ ಪ್ರೋಗ್ರಾಮ್ ಬರೆದೆ. ಮನೆಯಲ್ಲಿ ಸರಿ ಉತ್ತರ, ಕಾಲೇಜಿನ ಲ್ಯಾಬ್‌ನಲ್ಲಿ ವಿಚಿತ್ರ ಸಂಖ್ಯೆ. ಏಕೆ?
— ಡಿಪ್ಲೊಮಾ ವಿದ್ಯಾರ್ಥಿನಿ, ಮಳವಳ್ಳಿ

ಉತ್ತರ: ನೀವು ಬಹುಶಃ ‘ಇಂಟ್ ಮೊತ್ತ;’ ಎಂದಷ್ಟೇ ಬರೆದು ಸೊನ್ನೆ ತುಂಬುವುದನ್ನು ಮರೆತಿದ್ದೀರಿ. ಮಂಡ್ಯ, ಮದ್ದೂರಿನ ಕಡೆ ಕಬ್ಬಿನ ಲೋಡು ತೂಗಿಸುವಾಗ ಮೊದಲು ನೋಡಬೇಕಾದದ್ದು ವೇಬ್ರಿಡ್ಜ್ ಸೊನ್ನೆ ತೋರಿಸುತ್ತಿದೆಯೇ ಎಂದು. ಶುರುವೇ ತಪ್ಪಿದರೆ ಕೊನೆಯ ಲೆಕ್ಕವೂ ತಪ್ಪು.

ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗೆ ಸಿ ಜಾಗ ಕೊಡುತ್ತದೆ, ಗುಡಿಸಿ ಕೊಡುವುದಿಲ್ಲ. ಮೊದಲು ಅಲ್ಲಿ ಓಡಿದ ಫಂಕ್ಷನ್ ಬಿಟ್ಟುಹೋದ ಬಿಟ್‌ಗಳು ಹಾಗೇ ಇರಬಹುದು. ನಿಮ್ಮ ಮನೆಯಲ್ಲಿ ಅದು ಅದೃಷ್ಟಕ್ಕೆ ಸೊನ್ನೆಯಾಗಿತ್ತು, ಲ್ಯಾಬ್‌ನಲ್ಲಿ ಆಗಿರಲಿಲ್ಲ. ತಪ್ಪು ಹೀಗೆ ಅಡಗಿ ಕೂರುವುದೇ ದೊಡ್ಡ ಅಪಾಯ. ಉಳಿದದ್ದು ಯಾರದೋ ಪಾಸ್‌ವರ್ಡ್‌ನ ತುಣುಕಾದರೆ ಗುಟ್ಟೇ ಹೊರಬೀಳಬಹುದು.

ಫಂಕ್ಷನ್ ಹೊರಗೆ ಘೋಷಿಸಿದ ವೇರಿಯಬಲ್‌ಗಾದರೆ ಸಿ ತಾನೇ ಸೊನ್ನೆ ಕೊಡುತ್ತದೆ. ಗೋ ಭಾಷೆ ಎಲ್ಲಕ್ಕೂ ಕೊಡುತ್ತದೆ. ರಸ್ಟ್‌ನಲ್ಲಿ ಬೆಲೆ ಕೊಡದೆ ಓದಲು ಹೋದರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ.

‘ಇಂಟ್ ಮೊತ್ತ = 0;’ ಎಂದು ಬರೆಯಿರಿ. ಕಂಪೈಲರ್‌ನ ಎಚ್ಚರಿಕೆಗಳನ್ನು ಆನ್ ಮಾಡಿ, ಒಂದೊಂದನ್ನೂ ಓದಿ. ಈ ಅಭ್ಯಾಸ ಈಗಲೇ ಬಂದರೆ ಮುಂದೆ ನಿಮ್ಮ ಪ್ರೋಗ್ರಾಮ್ ನಂಬಿದವರಿಗೆ ಮೋಸವಾಗದು.