ಹಲವು ಬೀಗಗಳಿಗೆ ಒಂದೇ ಕೀಲಿಕೈ

ಇಷ್ಟಲಿಂಗಪೂಜೆಯನ್ನು ಆಗಷ್ಟೇ ಮುಗಿಸಿದ ಹಿರಿಯರು ಅದನ್ನು ಮರೆತು, ವಿಭೂತಿಗಾಗಿ ಮತ್ತೆ ಕೈ ಚಾಚುವುದನ್ನು ನಾವು ಸದ್ಭಕ್ತರ ಮನೆಗಳಲ್ಲಿ ಕಂಡಿದ್ದೇವೆ. ಇಂತಹ ಮರೆವಿನ ಮುಖ್ಯ ಕಾರಣಗಳಲ್ಲೊಂದು ಆಲ್‌ಝೈಮರ್ ಕಾಯಿಲೆ. ಅದನ್ನು ಪೂರ್ಣ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ.

ಕಾರಣ, ಇಲ್ಲಿ ಕೆಡುಕು ಒಂದೇ ಕಡೆಯಿಂದ ಬರುವುದಿಲ್ಲ. ಅಮೈಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ಹೊರಗೆ ಗಂಟುಕಟ್ಟುತ್ತದೆ. ಟಾವ್ ಎಂಬುದು ಒಳಗೆ ಸಿಕ್ಕುಗಟ್ಟುತ್ತದೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ. ಈಗ ಬಳಕೆಯಲ್ಲಿರುವ ಡೊನೆಪೆಜಿಲ್, ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ಮಾತ್ರ ತಡೆಯುತ್ತದೆ. ಒಂದು ಬೀಗ ಹಾಕಿದರೆ ಉಳಿದ ಬಾಗಿಲುಗಳು ತೆರೆದೇ ಇರುತ್ತವೆ. ಆದುದರಿಂದ ಹಲವು ಗುರಿಗಳನ್ನು ಒಟ್ಟಿಗೆ ತಡೆಯುವ ಅಣುವಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಕ್ಯಾನ್ಸರಿನಲ್ಲಿ ಇದು ಸಾಧ್ಯವಾಗಿದೆ: 2006ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸುನಿಟಿನಿಬ್, ಗಡ್ಡೆಗೆ ರಕ್ತನಾಳಗಳನ್ನು ಬೆಳೆಸುವ ಹಲವು ಪ್ರೋಟೀನುಗಳನ್ನು ಒಮ್ಮೆಗೇ ತಡೆಯುತ್ತದೆ. ಆದರೆ ಬೇಡದ ಬೀಗಕ್ಕೂ ಕೀಲಿ ತಗುಲಿದರೆ ಅಡ್ಡಪರಿಣಾಮಗಳುಂಟು.

ಹೆಬ್ಬಾಳ–ಯಲಹಂಕ ನಡುವಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಟಿ. ಗೋವಿಂದರಾಜು ಅವರ ತಂಡ ಇದೇ ಕಾಯಕದಲ್ಲಿ ನಿರತವಾಗಿದೆ. ಅವರ ಟಿಜಿಆರ್63 ಎಂಬ ಅಣು ಇಲಿಗಳ ಮೆದುಳಿನ ಅಮೈಲಾಯ್ಡ್ ಗಂಟುಗಳನ್ನು ಕಡಿಮೆ ಮಾಡಿತು.

ಅಣುವೊಂದು ಪ್ರೋಟೀನಿಗೆ ಹೇಗೆ ಅಂಟುತ್ತದೆಂಬುದನ್ನು ಅದರ ಎಲೆಕ್ಟ್ರಾನುಗಳು ನಿರ್ಧರಿಸುತ್ತವೆ. ಅವುಗಳ ನಡೆಯನ್ನು ನಿಖರವಾಗಿ ಲೆಕ್ಕಹಾಕುವುದು ಸಾಮಾನ್ಯ ಕಂಪ್ಯೂಟರಿಗೆ ಬಲು ಕಷ್ಟ. ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್ ಸೊನ್ನೆ ಮತ್ತು ಒಂದು ಎರಡರ ಮಿಶ್ರಸ್ಥಿತಿಯಲ್ಲಿ ಇರಬಲ್ಲದು. ಕೇವಲ 50 ಕ್ಯೂಬಿಟ್‌ಗಳ ಸ್ಥಿತಿಯನ್ನು ಬರೆದಿಡಲು 11 ಕೋಟಿ ಕೋಟಿಗೂ ಮಿಕ್ಕ ಸಂಖ್ಯೆಗಳು ಬೇಕು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರವಿರುವುದು ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಆದರೆ ಇಂದಿನ ಕ್ವಾಂಟಮ್ ಯಂತ್ರಗಳು ಇನ್ನೂ ಬಹಳ ತಪ್ಪು ಮಾಡುತ್ತವೆ. ಅವು ಹುಡುಕಿಕೊಟ್ಟ ಔಷಧವಾವುದೂ ಅಂಗಡಿಗೆ ಬಂದಿಲ್ಲ. ಲೆಕ್ಕ ಸರಿಬಂದರೂ ಪ್ರಯೋಗಾಲಯ, ಪ್ರಾಣಿಗಳು, ಬಳಿಕ ಮನುಷ್ಯರಲ್ಲಿ ಪರೀಕ್ಷೆ ನಡೆಯಲೇಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಹೀಗಿರುವಾಗ ‘ಕ್ವಾಂಟಮ್’ ಹೆಸರಿನಲ್ಲಿ ಮಾರುವ ಪದಕ, ಯಂತ್ರಗಳಿಗೆ ಸದ್ಭಕ್ತರು ಹಣ ಕಳೆದುಕೊಳ್ಳಬಾರದು. ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಬಾರದು.

ಇನ್ನೊಂದು ಮಾತು. ಎಲ್ಲ ಮರೆವೂ ಆಲ್‌ಝೈಮರ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರುತ್ತದೆ. ಅವು ಚಿಕಿತ್ಸೆಗೆ ಮಣಿಯುವಂಥವು. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ12 ಕೊರತೆಯ ಸಂಭವ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ನಾಳಿನ ಔಷಧಕ್ಕೆ ಕಾಯುತ್ತ ಇಂದಿನ ಪರೀಕ್ಷೆಯನ್ನು ಮುಂದೂಡದಿರೋಣ. ಮರೆತವರಿಗೆ ಬೇಸರಿಸದೆ ಮತ್ತೊಮ್ಮೆ ವಿಭೂತಿ ನೀಡುವುದೂ ದಾಸೋಹವೇ.